ಪಂಜು ಹಚ್ಚುವ ಆಟ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ)

ಆಟವೆಂದರೆ ಕೆಲಸವನ್ನು ಬಿಟ್ಟು ಮಾಡುವಂಥಾದ್ದು ಎಂದು ನಮ್ಮ ಹಿರಿಯರು ಬಹುಕಾಲದ ಹಿಂದೆಯೇ ತೀರ್ಮಾನಿಸಿಬಿಟ್ಟಿದ್ದಾರೆ. ಚಿನ್ನಿದಾಂಡು, ಬುಗುರಿ, ಚೌಕಾಬಾರ, ಅಳಿಗುಳಿಮನೆ, ಯಾವುದನ್ನು ಬೇಕಾದರೂ ತೆಗೆದುಕೊಳ್ಳಿ; ಆಟ ಮುಗಿದ ಮೇಲೆ ಅದರಿಂದ ಕವಡೆಯ ಪ್ರಯೋಜನವೂ ಉಳಿಯುವುದಿಲ್ಲ. ಅಳಿಗುಳಿಮನೆಯ ಹುಣಿಸೆಬೀಜವನ್ನು ಗೆದ್ದವನು ಅದನ್ನು ಬಿತ್ತಲು ಹೊಲಕ್ಕೆ ಓಡುವುದಿಲ್ಲ. ಹೀಗಿರುವಲ್ಲಿ ಮರ ಕಡಿಯುವುದು, ಕಲ್ಲು ಒಡೆಯುವುದು, ಇದ್ದಿಲು ಸುಡುವುದು, ಹೊತ್ತು ಮುಳುಗುವುದರೊಳಗೆ ಮನೆಗೆ ದೀಪ ಹಚ್ಚುವುದು, ಇವಿಷ್ಟನ್ನೇ ಮಾಡಿಸುವ ಆಟವೊಂದು ಹುಟ್ಟಿ, ಜಗತ್ತಿನ ಮಕ್ಕಳೂ ದೊಡ್ಡವರೂ ಹಣ ತೆತ್ತು ಅದನ್ನು ಕೊಂಡು ಆಡುತ್ತಿದ್ದಾರೆಂದರೆ ಆಶ್ಚರ್ಯವಾಗುವುದಿಲ್ಲವೆ? ಹಿಮಾಲಯವನ್ನೂ ವಸಂತಕಾಲವನ್ನೂ ಕುರಿತು ಬರೆಯಬಲ್ಲ ಸಹಪಾಠಿಗಳು ನನಗೆ ಅನೇಕರಿದ್ದಾರೆ. ಅವರ ನಡುವೆ ನಾನು ಈ ಆಟವನ್ನು ಕುರಿತು ಎರಡು ಮಾತು ಬರೆಯುತ್ತೇನೆ.

ಆಟದ ಹೆಸರು ಮೈನ್‌ಕ್ರಾಫ್ಟ್. ಸ್ವೀಡನ್ ದೇಶದ ಮಾರ್ಕಸ್ ಪರ್ಸನ್ ಎಂಬಾತ ಇದನ್ನು ರಚಿಸಿ, 2009ರ ಮೇ ತಿಂಗಳಲ್ಲಿ ಮೊದಲ ಸಲ ಜನರ ಮುಂದಿಟ್ಟ. 2011ರಲ್ಲಿ ಅದರ ಪೂರ್ಣರೂಪ ಹೊರಬಂತು. ಅದೇ ವರ್ಷ ಕೈಫೋನಿಗೂ ಇಳಿಯಿತು. 2014ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಇದನ್ನು ತಯಾರಿಸುವ ಸಂಸ್ಥೆಯನ್ನು 250 ಕೋಟಿ ಡಾಲರಿಗೆ ಕೊಂಡುಕೊಂಡಿತು. 2023ರ ಹೊತ್ತಿಗೆ ಮೂವತ್ತು ಕೋಟಿಗೂ ಮೀರಿ ಪ್ರತಿಗಳು ಮಾರಾಟವಾಗಿದ್ದವು. ಅದು ಹುಟ್ಟಿದ ಸ್ಟಾಕ್‌ಹೋಮ್ ನಗರದಲ್ಲಿ ಡಿಸೆಂಬರಿನ ನಡುವಿನ ಹಗಲು ಸುಮಾರು ಆರು ಗಂಟೆಯಷ್ಟೇ ಉದ್ದವಂತೆ. ಅಷ್ಟು ದೀರ್ಘವಾದ ಕತ್ತಲೆಯನ್ನು ಬಲ್ಲ ಊರಿನಲ್ಲಿ ದೀಪ ಹಚ್ಚುವ ಆಟ ಹುಟ್ಟಿದ್ದು ಕಾಕತಾಳೀಯವೇ ಇರಬಹುದು. ಆದರೂ ಭೂಗೋಳದ ಪುಸ್ತಕ ಓದುವಾಗಲೆಲ್ಲ ನನಗೆ ಆ ಯೋಚನೆ ಬರುತ್ತದೆ. ನಮ್ಮ ವಿದ್ಯಾರ್ಥಿನಿಲಯಕ್ಕೆ ಅದನ್ನು ತಂದವನು ನನ್ನ ಕೊಠಡಿಯ ಮಿತ್ರ. ಒಬ್ಬನ ಫೋನಿನ ಹಾಟ್‌ಸ್ಪಾಟನ್ನು ಹಿಡಿದು ನಾಲ್ವರು ಒಂದೇ ಲೋಕದೊಳಕ್ಕೆ ಹೋಗಬಹುದೆಂದು ಕಂಡುಕೊಂಡ ದಿನದಿಂದ ನಮ್ಮ ಕೊಠಡಿಯಲ್ಲಿ ಭಾನುವಾರದ ಮಧ್ಯಾಹ್ನಗಳು ಬಹಳ ಚಿಕ್ಕವಾದವು.

ಆ ಲೋಕದಲ್ಲಿ ಎಲ್ಲವೂ ಘನಾಕಾರ. ಮಣ್ಣು, ಮರಳು, ಕಲ್ಲು, ಮರ, ಎಲೆ, ಹುಲ್ಲು ಎಲ್ಲವೂ ಒಂದೊಂದು ಮೀಟರಿನ ಚೌಕದ ಗಡ್ಡೆಗಳು. ಸೂರ್ಯನೂ ಚೌಕ, ಚಂದ್ರನೂ ಚೌಕ. ಆಟ ಆರಂಭವಾದಾಗ ಬರಿಗೈಯಲ್ಲಿ ಒಂದು ಬಯಲಿನಲ್ಲಿ ನಿಂತಿರುತ್ತೇವೆ. ಏನು ಮಾಡಬೇಕೆಂದು ಹೇಳುವವರು ಯಾರೂ ಇಲ್ಲ. ಆದರೆ ಸೂರ್ಯ ಮಾತ್ರ ಏರುತ್ತಲೇ ಇರುತ್ತಾನೆ. ಅಲ್ಲಿನ ಒಂದು ದಿನವೆಂದರೆ ನಮ್ಮ ಇಪ್ಪತ್ತು ನಿಮಿಷ. ಅದರಲ್ಲಿ ಹಗಲಿಗೆ ಹತ್ತು, ರಾತ್ರಿಗೆ ಏಳು, ಸಂಜೆಗೂ ಮುಂಜಾವಿಗೂ ತಲಾ ಒಂದೂವರೆ. ಆದುದರಿಂದ ಮೊದಲನೆಯ ಹತ್ತು ನಿಮಿಷಗಳನ್ನು ಹೇಗೆ ಕಳೆದೆವೆಂಬುದರ ಮೇಲೆ ಮುಂದಿನ ಏಳು ನಿಮಿಷಗಳ ಆಯುಸ್ಸು ನಿಂತಿದೆ. ಕೈಯಿಂದಲೇ ಮರವನ್ನು ಗುದ್ದಿ ಗುದ್ದಿ ದಿಮ್ಮಿ ಮಾಡಿಕೊಳ್ಳಬೇಕು. ಒಂದು ದಿಮ್ಮಿಗೆ ನಾಲ್ಕು ಹಲಗೆ. ಎರಡು ಹಲಗೆಗೆ ನಾಲ್ಕು ಕಡ್ಡಿ. ನಾಲ್ಕು ಹಲಗೆ ಜೋಡಿಸಿದರೆ ಕೆಲಸದ ಮೇಜು. ಮೂರು ಹಲಗೆ, ಎರಡು ಕಡ್ಡಿ ಸೇರಿದರೆ ಮರದ ಪಿಕಾಸಿ. ಪಿಕಾಸಿಯಿಂದ ಕಲ್ಲು. ಎಂಟು ಕಲ್ಲಿಗೆ ಒಂದು ಒಲೆ. ಒಲೆಯಲ್ಲಿ ದಿಮ್ಮಿಯನ್ನು ಸುಟ್ಟರೆ ಇದ್ದಿಲು. ಒಂದು ಕಡ್ಡಿಯ ತುದಿಗೆ ಒಂದು ಇದ್ದಿಲನ್ನೋ ಕಲ್ಲಿದ್ದಲನ್ನೋ ಇಟ್ಟರೆ ಒಮ್ಮೆಗೆ ನಾಲ್ಕು ಪಂಜುಗಳು ಸಿದ್ಧ. ಒಂದೇ ಒಂದು ದಿಮ್ಮಿಯ ಕಡ್ಡಿಗಳಿಗೆ ಎಂಟು ಇದ್ದಿಲು ಕೂಡಿದರೆ ಮೂವತ್ತೆರಡು ಪಂಜು! ಲೆಕ್ಕದಲ್ಲಿ ಎಂದೂ ಜಾಣನಾಗಿರದ ನನಗೆ ಈ ಲೆಕ್ಕ ಮಾತ್ರ ಬಾಯಿಪಾಠ.

ಈ ಆಟದಲ್ಲಿ ಹಾರಿ ಮುಂದಕ್ಕೆ ಹೋಗುವಂತಿಲ್ಲ. ಕಬ್ಬಿಣದ ಅದಿರನ್ನು ಮರದ ಪಿಕಾಸಿಯಿಂದ ಎಷ್ಟು ಹೊತ್ತು ಕುಟ್ಟಿದರೂ ಗಡ್ಡೆ ಒಡೆದುಹೋಗುತ್ತದೆಯೇ ಹೊರತು ಅದಿರು ಕೈಗೆ ಬರುವುದಿಲ್ಲ. ಕಲ್ಲಿನ ಪಿಕಾಸಿಯೇ ಆಗಬೇಕು. ವಜ್ರಕ್ಕೆ ಕಬ್ಬಿಣದ್ದು ಆಗಬೇಕು. ಮರದ ಪಿಕಾಸಿ 59 ಪೆಟ್ಟಿಗೆ ಸವೆದುಹೋಗುತ್ತದೆ. ಕಲ್ಲಿನದು 131, ಕಬ್ಬಿಣದ್ದು 250, ವಜ್ರದ್ದು 1561 ಪೆಟ್ಟು ಬಾಳುತ್ತದೆ. ತಾನು ಸವೆದು ತನಗಿಂತ ಗಟ್ಟಿಯಾದದ್ದನ್ನು ದೊರಕಿಸಿಕೊಟ್ಟು ಹೋಗುವುದು ಮರದ ಪಿಕಾಸಿಯ ಕೆಲಸ. ಮುಂದೆ ವಜ್ರದ ಪಿಕಾಸಿ ಹಿಡಿದು ಮೆರೆಯುವವನ ಪೆಟ್ಟಿಗೆಯಲ್ಲಿ ಆ ಮೊದಲಿನ ಮರದ ತುಂಡಿಗೆ ಜಾಗವಿರುವುದಿಲ್ಲ. ನಾನು ಮಾತ್ರ ಒಂದನ್ನು ಪೂರ್ತಿ ಸವೆಯಗೊಡದೆ ಪೆಟ್ಟಿಗೆಯ ಮೂಲೆಯಲ್ಲಿ ಇಟ್ಟುಕೊಂಡಿದ್ದೇನೆ. ಮಿತ್ರರು ನಗುತ್ತಾರೆ, ನಗಲಿ.

ಇನ್ನು ರಾತ್ರಿಯ ವಿಷಯ. ಹೊತ್ತು ಮುಳುಗಿತೆಂದರೆ ಕತ್ತಲಿರುವ ನೆಲದ ಮೇಲೆ ದುಷ್ಟಜಂತುಗಳು ಹುಟ್ಟಿಕೊಳ್ಳುತ್ತವೆ. ನಡೆದಾಡುವ ಹೆಣಗಳು, ಬಿಲ್ಲು ಹಿಡಿದ ಅಸ್ಥಿಪಂಜರಗಳು, ಎಮ್ಮೆಕರುವಿನಷ್ಟು ದಪ್ಪದ ಜೇಡಗಳು. ಎಲ್ಲಕ್ಕಿಂತ ಮಿಗಿಲಾಗಿ ಸದ್ದಿಲ್ಲದೆ ಬೆನ್ನ ಹಿಂದೆ ಬಂದು, ಬುಸ್ಸೆಂದು, ಸಿಡಿದು, ತಾನೂ ಸತ್ತು ನಮ್ಮ ಗೋಡೆಯನ್ನೂ ಕೊಂಡೊಯ್ಯುವ ಕ್ರೀಪರ್ ಎಂಬ ಹಸಿರು ಪ್ರಾಣಿ. ಆಟದ ಕರ್ತೃ ಹಂದಿಯ ರೂಪವನ್ನು ರಚಿಸುವಾಗ ಉದ್ದದ ಅಂಕಿಯೂ ಎತ್ತರದ ಅಂಕಿಯೂ ಅದಲುಬದಲಾಗಿ ಈ ವಿಕಾರ ಹುಟ್ಟಿತಂತೆ. ಹೆಣಗಳೂ ಅಸ್ಥಿಪಂಜರಗಳೂ ಬೆಳಗಿನ ಬಿಸಿಲಿಗೆ ಉರಿದುಹೋಗುತ್ತವೆ. ಕ್ರೀಪರ್ ಮಾತ್ರ ಹಗಲಿನಲ್ಲೂ ಸುತ್ತಾಡಿಕೊಂಡಿರುತ್ತದೆ. ಇವನ್ನೆಲ್ಲ ಕತ್ತಿಯಿಂದ ಕೊಲ್ಲಬಹುದು. ಆದರೆ ಜಾಣನಾದವನು ಕತ್ತಿಗಿಂತ ಮೊದಲು ಪಂಜನ್ನು ಹಿಡಿಯುತ್ತಾನೆ. ಏಕೆಂದರೆ ಬೆಳಕಿರುವಲ್ಲಿ ಇವು ಹುಟ್ಟುವುದೇ ಇಲ್ಲ.

ಬೆಳಕಿಗೂ ಅಲ್ಲಿ ಅಂಕಿಗಳುಂಟು, ಸೊನ್ನೆಯಿಂದ ಹದಿನೈದರವರೆಗೆ. ಪಂಜು ಇರುವ ಜಾಗದಲ್ಲಿ ಹದಿನಾಲ್ಕು. ಅಲ್ಲಿಂದ ಒಂದೊಂದು ಗಡ್ಡೆ ದೂರ ಹೋದಂತೆ ಒಂದೊಂದೇ ಅಂಕಿ ಇಳಿಯುತ್ತದೆ. ಬೆಳಕು ಏಳಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದಲ್ಲಿ ಜಂತುಗಳು ಹುಟ್ಟಬಹುದೆಂಬುದು ಮೊದಲಿನ ನಿಯಮವಾಗಿತ್ತು. ಆದುದರಿಂದ ಇಕ್ಕಟ್ಟಾದ ಸುರಂಗದಲ್ಲಿ ಹದಿಮೂರು ಹೆಜ್ಜೆಗೊಂದು ಪಂಜು ನೆಡಬೇಕಾಗುತ್ತಿತ್ತು. 2021ರ ನವೆಂಬರಿನಲ್ಲಿ ಬಂದ ಹೊಸ ಆವೃತ್ತಿಯಲ್ಲಿ ಈ ನಿಯಮವನ್ನು ಸಡಿಲಿಸಿ, ಪಂಜಿನ ಬೆಳಕು ಪೂರ್ತಿ ಸೊನ್ನೆಯಾದಲ್ಲಿ ಮಾತ್ರ ಹುಟ್ಟುವಂತೆ ಮಾಡಿದರು. ಈಗ ಅದೇ ಸುರಂಗಕ್ಕೆ ಹಿಂದಿನ ಅರ್ಧದಷ್ಟು ಪಂಜು ಸಾಕು. ವಿಜ್ಞಾನ ಓದುವ ಗೆಳೆಯನೊಬ್ಬ ಇದನ್ನು ಕೇಳಿ, "ನಿಮ್ಮ ಆಟದ ಬೆಳಕು ಬಹಳ ಸಭ್ಯವಾದದ್ದು. ನಿಜವಾದ ಬೆಳಕು ಹೀಗೆ ಒಂದೊಂದೇ ಮೆಟ್ಟಿಲು ಇಳಿಯುವುದಿಲ್ಲ, ದೂರ ಎರಡರಷ್ಟಾದರೆ ಬೆಳಕು ನಾಲ್ಕರಲ್ಲಿ ಒಂದು ಪಾಲಾಗಿಬಿಡುತ್ತದೆ" ಎಂದ. ಅವನ ಮಾತು ಶಾಸ್ತ್ರಕ್ಕೆ ಒಪ್ಪುವಂಥಾದ್ದೇ. ಅದರ ಅರ್ಥ ನನಗೆ ಆಮೇಲೆ ನಮ್ಮ ತೋಟದಲ್ಲಿ ಹೊಳೆಯಿತು.

ದೀಪದ ಬುಡ ಕತ್ತಲೆ ಎಂಬ ಗಾದೆ ಎಲ್ಲರಿಗೂ ಗೊತ್ತು. ಈ ಆಟದಲ್ಲಿ ದೀಪದ ಬುಡವೇ ಎಲ್ಲಕ್ಕಿಂತ ಬೆಳಕಾದ ಜಾಗ. ಹಾಗಾದರೆ ಗಾದೆ ಸುಳ್ಳಾಯಿತೆ ಎಂದುಕೊಳ್ಳುತ್ತಿರುವಾಗ ನನ್ನ ಕೊಠಡಿಯ ಮಿತ್ರ ಅದನ್ನು ಮತ್ತೆ ನಿಜಮಾಡಿ ತೋರಿಸಿದ. ಆತ ಎರಡು ವಾರ ಕಲ್ಲು ಹೊತ್ತು ಎರಡಂತಸ್ತಿನ ಮನೆ ಕಟ್ಟಿದ. ಒಳಗೆ ಗೋಡೆಗೋಡೆಗೂ ಪಂಜು, ಮದುವೆಮನೆಯಂತೆ ಝಗಝಗಿಸುತ್ತಿತ್ತು. ಗೃಹಪ್ರವೇಶಕ್ಕೆ ನಾವು ಮೂವರೂ ಹೋಗಿ ಮೆಚ್ಚಿಕೊಂಡೆವು. ಮರುದಿನ ಬೆಳಗ್ಗೆ ಆತ ಬಾಗಿಲು ತೆರೆದು ಹೊರಗೆ ಕಾಲಿಟ್ಟದ್ದೇ ತಡ, ಮೇಲಿನಿಂದ ಹಸಿರು ಪ್ರಾಣಿಯೊಂದು ಧೊಪ್ಪನೆ ಬಿದ್ದು ಸಿಡಿಯಿತು. ಬಾಗಿಲು, ಮೆಟ್ಟಿಲು, ಮುಂಗೋಡೆ ಎಲ್ಲ ಮಾಯ. ಒಳಗೆ ಅಷ್ಟು ಪಂಜು ಹಚ್ಚಿದವನು ಮಾಳಿಗೆಯ ಮೇಲೆ ಒಂದನ್ನೂ ಇಟ್ಟಿರಲಿಲ್ಲ! ಮನೆಯ ಬೆಳಕು ಮಾಳಿಗೆಯನ್ನು ತೂರಿ ಮೇಲಕ್ಕೆ ಹೋಗುವುದಿಲ್ಲವಷ್ಟೆ. ಅಂದಿನಿಂದ ನಮ್ಮ ಕೊಠಡಿಯಲ್ಲಿ ಯಾರಾದರೂ ತಾನು ಪರೀಕ್ಷೆಗೆ ಪೂರ್ಣವಾಗಿ ಸಿದ್ಧನೆಂದು ಹೇಳಿಕೊಂಡರೆ, ಉಳಿದವರು ಒಕ್ಕೊರಲಿನಿಂದ "ಮಾಳಿಗೆ ನೋಡಿಕೊಂಡೆಯಾ?" ಎಂದು ಕೇಳುವ ರೂಢಿಯಾಗಿದೆ.

ಬೇಸಗೆಯ ರಜೆಯಲ್ಲಿ ಊರಿಗೆ ಹೋದಾಗ ನಮ್ಮಪ್ಪ ಈ ಆಟವನ್ನು ಮೊದಲ ಸಲ ನೋಡಿದರು. ನಮ್ಮದು ತುಮಕೂರಿನ ಕಡೆ. ಒಂದೂವರೆ ಎಕರೆ ತೆಂಗು, ಸ್ವಲ್ಪ ರಾಗಿಯ ಹೊಲ, ಒಂದು ಬೋರ್‌ವೆಲ್. ಅಪ್ಪ ಶಾಲೆಯ ಮೆಟ್ಟಿಲು ಹತ್ತಿದ್ದು ಮೂರನೆಯ ತರಗತಿಯವರೆಗೆ. ಅವ್ವ ಅಷ್ಟೂ ಇಲ್ಲ. ಜಗುಲಿಯ ಮೇಲೆ ಕೂತು ನಾನು ಮರ ಕಡಿಯುತ್ತಿದ್ದಾಗ ಅಪ್ಪ ಹಿಂದಿನಿಂದ ಬಗ್ಗಿ ಬಹಳ ಹೊತ್ತು ನೋಡಿ, "ಇದೇನ್ಲಾ ಮಗ, ಸೌದೆ ಕಡಿಯಾದೂ ಆಟ್ವೇ?" ಎಂದರು. ಸೌದೆ ಮಾತ್ರವಲ್ಲ, ಕಲ್ಲೂ ಒಡೆಯಬೇಕೆಂದು ಹೇಳಿದೆ. "ಯಾರು ಆಡ್ತಾರೆ?" ಎಂದರು. ಊರೂರಲ್ಲೂ ಆಡುತ್ತಾರೆ, ಹೊರದೇಶದವರಂತೂ ದುಡ್ಡು ಕೊಟ್ಟು ಕೊಂಡು ಆಡುತ್ತಾರೆ ಎಂದೆ. ಅಪ್ಪ ಗಂಭೀರವಾಗಿ ಯೋಚಿಸಿ, "ಹಂಗಾದ್ರೆ ಅವ್ರನ್ನ ನಮ್ಮ ತೋಟಕ್ಕೆ ಬರಾಕೆ ಹೇಳ್ಲಾ. ಗುಂಡಿ ತಗೆಯಾ ಕೆಲ್ಸ ಬೇಕಾದಷ್ಟೈತೆ. ನಂಗೆ ದುಡ್ಡು ಕೊಡಾದು ಬ್ಯಾಡ, ನಾನೇ ಮುದ್ದೆ ಹಾಕ್ತೀನಿ" ಎಂದರು. ಒಳಗೆ ರಾಗಿ ಹಸನು ಮಾಡುತ್ತಿದ್ದ ಅವ್ವನಿಗೆ ನಗು ತಡೆಯಲಾಗಲಿಲ್ಲ.

ಅಪ್ಪನ ಮಾತು ನಗುವಿಗೆ ಹೇಳಿದ್ದಾದರೂ ಪ್ರಶ್ನೆ ಮಾತ್ರ ನಗುವಂಥಾದ್ದಲ್ಲ. ಅವರು ಇಡೀ ಜೀವಮಾನ ಮಾಡಿದ ಕೆಲಸವನ್ನೇ, ಅವರ ಮಗ ಅದರಿಂದ ಪಾರಾಗಲೆಂದು ಕಾಲೇಜಿಗೆ ಕಳುಹಿಸಿದ ಮೇಲೆ, ಆ ಮಗ ಬಿಡುವಿನ ವೇಳೆಯಲ್ಲಿ ಸಂತೋಷಕ್ಕಾಗಿ ಮಾಡುತ್ತಾನೆಂದರೆ ಏನು ಹೇಳೋಣ? ನಾನು ಇದನ್ನು ಬಹಳ ದಿನ ಯೋಚಿಸಿದೆ. ಮೈಗೆ ಆಯಾಸವಿಲ್ಲದ್ದರಿಂದ ಅದು ಆಟ ಎನ್ನುವುದು ಅರ್ಧ ಉತ್ತರ. ಮೈ ದಣಿಸುವ ಕಬಡ್ಡಿಯೂ ಆಟವೇ ತಾನೆ? ನನಗೆ ತೋಚಿದ ಉತ್ತರ ಬೇರೆ. ಆ ಲೋಕದಲ್ಲಿ ಒಂದು ದಿಮ್ಮಿಗೆ ನಾಲ್ಕು ಹಲಗೆ ಎಂದರೆ ಎಂದೆಂದಿಗೂ ನಾಲ್ಕೇ. ಇಂದು ಮಾರುಕಟ್ಟೆ ಇಳಿದಿದೆ, ಮೂರೇ ಕೊಡುತ್ತೇನೆ ಎನ್ನುವವರಿಲ್ಲ. ತೂಕದಲ್ಲಿ ಕಳೆಯುವವರಿಲ್ಲ. ನೆಟ್ಟ ಸಸಿ ನುಸಿಪೀಡೆಗೆ ಬಲಿಯಾಗುವುದಿಲ್ಲ. ಮೂವತ್ತೆರಡು ಪಂಜಿನ ಕೆಲಸ ಮಾಡಿದವನಿಗೆ ಮೂವತ್ತೆರಡೂ ಕೈಗೆ ಬರುತ್ತವೆ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ದುಡಿದದ್ದು ದುಡಿದಂತೆ ಕೈಸೇರುವುದಾದರೆ ಕಲ್ಲು ಒಡೆಯುವುದೂ ಆಟವಾಗಬಲ್ಲದು. ಇದನ್ನು ಅಪ್ಪನಿಗೆ ಹೇಳಿದಾಗ ಅವರು ಅಡಕೆಲೆ ಜಗಿಯುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂಗಿದ್ರೆ ನಾನೂ ಆಡ್ತಿದ್ದೆ ಬಿಡು" ಎಂದರು.

ಆಮೇಲೆ ರಾತ್ರಿ ಊಟವಾದ ಮೇಲೆ ಅಪ್ಪ ತಾವಾಗಿಯೇ ಬಂದು ಪಕ್ಕದಲ್ಲಿ ಕೂತರು. ಆಟದಲ್ಲೂ ಆಗ ರಾತ್ರಿ. ನಾನು ಮನೆಯಿಂದ ಗಣಿಯ ಬಾಯಿಯವರೆಗೆ ಪಂಜುಗಳನ್ನು ನೆಡುತ್ತಿದ್ದೆ. ಏಕೆಂದು ಕೇಳಿದರು. ಕತ್ತಲಿರುವಲ್ಲಿ ಜಂತುಗಳು ಹುಟ್ಟುತ್ತವೆ ಎಂದೆ. ಅವರಿಗೆ ವಿವರಿಸುವ ಅಗತ್ಯವೇ ಬೀಳಲಿಲ್ಲ. "ನೀನು ನಿಂತಿರಾ ಕಡೆ ಯಾಕೆ ದೀಪ ಇಕ್ತೀಯ? ಮುಂದಿನ್ ಹೆಜ್ಜೆ ಎಲ್ಲಿಕ್ಕಬೇಕೋ ಅಲ್ಲಿಕ್ಕು" ಎಂದು ನನಗೇ ಹೇಳಿಕೊಡತೊಡಗಿದರು.

ಹಳ್ಳಿಯವರಲ್ಲದ ವಾಚಕರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಮನೆಯ ದೀಪಕ್ಕೆ ಬರುವ ಕರೆಂಟು ಬೇರೆ, ಪಂಪ್‌ಸೆಟ್ಟಿಗೆ ಬೇಕಾದ ತ್ರೀಫೇಸ್ ಕರೆಂಟು ಬೇರೆ. ತ್ರೀಫೇಸ್ ದಿನಕ್ಕೆ ಕೆಲವೇ ಗಂಟೆ. ಅದೂ ಸರದಿಯ ಪ್ರಕಾರ. ನಮ್ಮ ಸರದಿ ರಾತ್ರಿಗೆ ಬಿದ್ದ ವಾರ ಅಪ್ಪ ಹನ್ನೊಂದಕ್ಕೋ ಒಂದಕ್ಕೋ ಎದ್ದು, ಕಂಬಳಿ ಹೊದ್ದು, ಕೈಯಲ್ಲಿ ಬ್ಯಾಟರಿ ಹಿಡಿದು ತೋಟಕ್ಕೆ ಹೋಗುತ್ತಾರೆ. ಕೈಫೋನಿನಿಂದಲೇ ಮೋಟರು ಚಾಲೂ ಮಾಡುವ ಪೆಟ್ಟಿಗೆಗಳು ಬಂದಿವೆ, ನಿಜ. ಆದರೆ ನೀರನ್ನು ಒಂದು ಪಾತಿಯಿಂದ ಇನ್ನೊಂದಕ್ಕೆ ತಿರುಗಿಸಲು ಮನುಷ್ಯನೇ ನಿಲ್ಲಬೇಕು. ನೀರು ಹರಿದಲ್ಲಿ ಇಲಿಗಳು ಬಿಲ ಬಿಟ್ಟು ಮೇಲೇಳುತ್ತವೆ, ಇಲಿಗಳಿದ್ದಲ್ಲಿ ಹಾವು. ನಮ್ಮ ಕಡೆಯ ಗುಡ್ಡಗಳಲ್ಲಿ ಚಿರತೆಯೂ ಉಂಟು, ಕರಡಿಯೂ ಉಂಟು. ನಾನು ಚಿಕ್ಕವನಿದ್ದಾಗ ಅಪ್ಪ ರಾತ್ರಿ ಎದ್ದುಹೋದ ಸದ್ದು ಕೇಳಿ ಎಚ್ಚರವಾಗುತ್ತಿತ್ತು. ತಿರುಗಿ ಬಂದ ಸದ್ದು ಕೇಳುವ ಮುಂಚೆ ನಿದ್ದೆ ಬಂದುಬಿಡುತ್ತಿತ್ತು. ಬೆಳಗ್ಗೆ ಅವರು ಮಾಮೂಲಿನಂತೆ ಹಾಲು ಕರೆಯುತ್ತಿರುತ್ತಿದ್ದರು. ಅಷ್ಟರಿಂದ ನನಗೆ ಎಲ್ಲವೂ ಸರಿಯಾಗಿದೆಯೆಂದು ಅರ್ಥ.

ಆ ರಾತ್ರಿ ನನ್ನ ಪಂಜುಗಳ ಸಾಲನ್ನು ನೋಡುತ್ತ ಅಪ್ಪ ಹೇಳಿದರು: "ಹೋದೊರ್ಸ ಕಾರ್ತೀಕದಾಗೆ ಬ್ಯಾಟ್ರಿ ಕೆಟ್ಟೋಯ್ತು ಕಣ್ಲಾ, ನಡು ತ್ವಾಟದಾಗೆ. ಮುಂದ್ಕೂ ಹೋಗಂಗಿಲ್ಲ, ಹಿಂದ್ಕೂ ಬರಂಗಿಲ್ಲ. ಅತ್ತಾಗೆ ಏನೋ ಉಸಿರು ಬಿಟ್ಟಂಗಾಗ್ತಿತ್ತು. ತೆಂಗಿನ ಮರಕ್ಕೆ ಬೆನ್ನು ಕೊಟ್ಟು ಕುಂತಿದ್ದೆ, ಬೆಳಕಾಗಾಗಂಟ." ಇಷ್ಟನ್ನು ಅವರು ಬೇರೆ ಯಾರದೋ ಸುದ್ದಿಯಂತೆ ಹೇಳಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವ, "ಅದಕ್ಕೇ ಆವತ್ತು ಕಂಬ್ಳಿಯೆಲ್ಲ ಮಂಜಿಗೆ ನೆಂದಿತ್ತು" ಎಂದಳು. ಅವಳಿಗೂ ಅದು ಅಂದೇ ಗೊತ್ತಾದದ್ದು. ಆರು ತಿಂಗಳು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು ಒಂದು ಆಟದ ರಾತ್ರಿಯನ್ನು ಕಂಡು ಹೊರಬಂತು. ನನ್ನ ಕೈಯಲ್ಲಿ ಫೋನು ಹಾಗೆಯೇ ಉಳಿಯಿತು. ಅಲ್ಲಿನ ಏಳು ನಿಮಿಷದ ರಾತ್ರಿ ಕಳೆದು ಚೌಕದ ಸೂರ್ಯ ಹುಟ್ಟಿದ್ದನ್ನು ನಾವು ಮೂವರೂ ನೋಡಿದೆವೆಂದು ಕಾಣುತ್ತದೆ, ಯಾರೂ ಮಾತಾಡಲಿಲ್ಲ.

ಆಟದ ಪಂಜಿಗೆ ಒಂದು ಅದ್ಭುತ ಗುಣವಿದೆ. ಅದು ಎಂದೂ ಆರುವುದಿಲ್ಲ. ಒಮ್ಮೆ ನೆಟ್ಟರೆ ಯಾರಾದರೂ ಕೀಳುವವರೆಗೂ ಮಳೆಗೂ ಗಾಳಿಗೂ ಅಲುಗದೆ ಉರಿಯುತ್ತಿರುತ್ತದೆ. ಪಂಜುಗಳು ಸ್ವಲ್ಪ ಕಾಲದ ಮೇಲೆ ಆರಿಹೋಗುವಂತೆ ಮಾಡಬೇಕೆಂದು 2010ರಲ್ಲಿ ಕರ್ತೃ ಯೋಚಿಸಿ ಸಾರಿಯೂ ಇದ್ದನಂತೆ. ಆಮೇಲೆ ಆ ಯೋಚನೆಯನ್ನು ಕೈಬಿಟ್ಟ. ಕೈಬಿಟ್ಟದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ಕೋಟ್ಯಂತರ ಜನ ಎಣ್ಣೆ ಹೊಯ್ಯುವ ಕೆಲಸದಲ್ಲೇ ಮುಳುಗಿ, ಮನೆ ಕಟ್ಟುವುದನ್ನು ಮರೆಯುತ್ತಿದ್ದರು. ಆದರೆ ನಮ್ಮ ಲೋಕದ ಕರ್ತೃ ಅಷ್ಟು ಉದಾರಿಯಲ್ಲ. ಇಲ್ಲಿ ಬತ್ತಿ ಸವೆಯುತ್ತದೆ, ಎಣ್ಣೆ ತೀರುತ್ತದೆ, ಬ್ಯಾಟರಿ ನಡುತೋಟದಲ್ಲಿ ಕೈಕೊಡುತ್ತದೆ. ನನ್ನ ವಿಜ್ಞಾನದ ಗೆಳೆಯ ಹೇಳಿದಂತೆ ಇಲ್ಲಿನ ಬೆಳಕು ನಾಲ್ಕು ಹೆಜ್ಜೆಯಲ್ಲೇ ಸೋತುಹೋಗುತ್ತದೆ.

ಗಣಿಯೊಳಗೆ ಹೋಗುವ ಆಟಗಾರರಲ್ಲಿ ಒಂದು ರೂಢಿಯುಂಟು. ಯಾರು ಮೊದಲು ಮಾಡಿದರೋ ತಿಳಿಯದು, ಎಲ್ಲರೂ ಬಲ್ಲರು. ಒಳಗೆ ಹೋಗುವಾಗ ಪಂಜುಗಳನ್ನು ಯಾವಾಗಲೂ ಬಲಗಡೆಯ ಗೋಡೆಗೇ ಸಿಕ್ಕಿಸುತ್ತ ಹೋಗುವುದು. ಗುಹೆ ಹತ್ತಾರು ಕವಲಾಗಿ ಒಡೆದು ದಿಕ್ಕು ತಪ್ಪಿದಾಗ ಹಿಂದಿರುಗಿ, ಪಂಜುಗಳು ಎಡಗಡೆಗೆ ಬರುವಂತೆ ನಡೆದರಾಯಿತು. ನೆಟ್ಟಗೆ ಹೊರಗಿನ ಬಿಸಿಲಿಗೆ ಬಂದುಬಿಡುತ್ತೇವೆ. ಪಂಜು ಹೀಗೆ ಬೆಳಕನ್ನು ಕೊಡುವುದರ ಜೊತೆಗೆ ದಾರಿಯನ್ನೂ ಹೇಳುತ್ತದೆ. ಈ ಉಪಾಯವನ್ನು ನಾನು ಅಪ್ಪನಿಗೆ ಹೇಳಲಿಲ್ಲ, ಮಾಡಿ ತೋರಿಸಿದೆ.

ಪಿ.ಯು.ಸಿ. ಎರಡನೆಯ ವರ್ಷಕ್ಕೆ ಕಾಲಿಟ್ಟಿದ್ದ ನನ್ನ ತಂಗಿಯನ್ನು ಕರೆದುಕೊಂಡು ಮನೆಯಿಂದ ಪಂಪಿನ ಮನೆಯವರೆಗೆ ಹೆಜ್ಜೆ ಎಣಿಸಿದೆ. ಮುನ್ನೂರ ಹನ್ನೆರಡು. ಹದಿಮೂರಕ್ಕೊಂದರಂತೆ ಭಾಗಿಸಿದರೆ ಸರಿಯಾಗಿ ಇಪ್ಪತ್ತನಾಲ್ಕು. ಒಂದು ಬಕೆಟ್ಟು ಸುಣ್ಣ ಕಲಸಿ, ಹೋಗುವಾಗ ಬಲಗಡೆಗೆ ಬೀಳುವ ತೆಂಗಿನ ಮರಗಳಿಗೆ ಸೊಂಟದೆತ್ತರದಲ್ಲಿ ಪಟ್ಟೆ ಬಳಿದೆವು. ಮರ ಸಿಗದ ಕಡೆ ಒಂದೊಂದು ಕಲ್ಲನ್ನು ಹೂತು ಅದಕ್ಕೂ ಬಳಿದೆವು. ಸುಣ್ಣಕ್ಕೆ ಸ್ವಂತ ಬೆಳಕಿಲ್ಲ. ಆದರೆ ಬಡ ಬ್ಯಾಟರಿಯ ಬೆಳಕಿಗೂ, ಕೊನೆಗೆ ನಕ್ಷತ್ರದ ಬೆಳಕಿಗೂ ಅದು ಮಸುಕಾಗಿಯಾದರೂ ಓಗೊಡುತ್ತದೆ. ಆ ವರ್ಷದ ವಿದ್ಯಾರ್ಥಿವೇತನದಲ್ಲಿ ಹಣೆಗೆ ಕಟ್ಟಿಕೊಳ್ಳುವ ಲೈಟೊಂದನ್ನೂ, ಜೇಬಿಗೆ ಇರಲೆಂದು ಇನ್ನೊಂದು ಚಿಕ್ಕ ಬ್ಯಾಟರಿಯನ್ನೂ ತಂದುಕೊಟ್ಟೆ. ಅಪ್ಪ ಮರಗಳನ್ನು ನೋಡಿ, "ನನ್ ತ್ವಾಟದ ದಾರಿ ನಂಗೇ ತೋರಿಸ್ತೀಯೇನ್ಲಾ?" ಎಂದು ಗದರಿಸಿದರು. ನಾನು ಕಾಲೇಜಿಗೆ ಹಿಂದಿರುಗಿದ ಮೇಲೆ, ಒಂದು ದಿನ ಫೋನಿನಲ್ಲಿ ಮಳೆ, ರಾಗಿ, ಕರುವಿನ ವಿಚಾರವನ್ನೆಲ್ಲ ಹೇಳಿ ಮುಗಿಸಿ, ಇಡುವ ಮುಂಚೆ, "ಸುಣ್ಣ ಕಾಣಿಸ್ತದೆ ಕಣ್ಲಾ" ಎಂದರು. ಮಳೆಗಾಲ ಕಳೆದರೆ ಸುಣ್ಣ ತೊಳೆದುಹೋಗುತ್ತದೆ. ಪ್ರತಿ ವರ್ಷವೂ ಬಳಿಯಬೇಕು. ಈ ವರ್ಷ ನಾನು ಹೋಗುವಷ್ಟರಲ್ಲಿ ತಂಗಿಯೇ ಬಳಿದಿದ್ದಳು.

ಈ ತಂಗಿಯ ವಿಷಯಕ್ಕೇ ಬರುತ್ತೇನೆ. ನಮ್ಮ ವಂಶದಲ್ಲಿ ಪದವಿಯವರೆಗೆ ಬಂದವನು ನಾನೇ ಮೊದಲು. ಇದನ್ನು ಹೆಮ್ಮೆಗಾಗಿ ಹೇಳುತ್ತಿಲ್ಲ. ಕತ್ತಲೆಯ ಗುಹೆಯಲ್ಲಿ ಮೊದಲು ನಡೆಯುವವನ ಪಾಡು ಏನೆಂದು ಹೇಳಲು ಹೇಳುತ್ತಿದ್ದೇನೆ. ಅರ್ಜಿಯ ಯಾವ ಕಂಡಿಯಲ್ಲಿ ಏನು ತುಂಬಬೇಕು, ಆದಾಯ ಪ್ರಮಾಣಪತ್ರಕ್ಕೆ ಯಾವ ತಿಂಗಳಲ್ಲಿ ಓಡಬೇಕು, ಐಚ್ಛಿಕ ವಿಷಯ ಎಂದರೇನು, ವಿದ್ಯಾರ್ಥಿನಿಲಯದ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಯಾರನ್ನು ಕಾಣಬೇಕು, ಇವನ್ನು ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ಅಪ್ಪ ಅವ್ವ ಕೊಡಬೇಕಾದ್ದನ್ನೆಲ್ಲ ಕೊಟ್ಟಿದ್ದರು. ಈ ಗೋಡೆಯ ಮೇಲೆ ಪಂಜು ಸಿಕ್ಕಿಸಿ ಇಡಲು ಮಾತ್ರ ಅವರು ಈ ಗುಹೆಗೆ ಬಂದವರೇ ಅಲ್ಲ. ಒಂದೊಂದನ್ನೂ ತಡವಿ ತಡವಿ ತಿಳಿದುಕೊಂಡೆ. ತಿಳಿದದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಸಹಿತ ಬರೆದಿಟ್ಟೆ. ತಂಗಿ ಈಗ ನಮ್ಮ ತಾಲ್ಲೂಕಿನ ಕಾಲೇಜಿನಲ್ಲಿ ಮೊದಲ ವರ್ಷದ ಪದವಿಗೆ ಸೇರಿದ್ದಾಳೆ. ಹುಡುಗಿ ಇಷ್ಟು ಓದಿದ್ದು ಸಾಕು ಎಂದು ನೆಂಟರು ಒಬ್ಬಿಬ್ಬರು ಹೇಳಿ ನೋಡಿದರು. ಅಪ್ಪ, "ಅವ್ಳಣ್ಣ ದಾರಿ ಬಳ್ದವ್ನೆ, ಅವ್ಳು ನಡೀತಾಳೆ" ಎಂದು ಒಂದೇ ಮಾತಿನಲ್ಲಿ ಮುಗಿಸಿದರಂತೆ. ನೋಟ್‌ಬುಕ್ಕು ಅವಳ ಬಳಿ ಇದೆ. ನನ್ನ ಬರವಣಿಗೆಯ ಕೆಳಗೆ ಅವಳದೂ ಸೇರುತ್ತಿದೆ. ನನಗೆ ತಿಳಿಯದಿದ್ದ ವಿದ್ಯಾರ್ಥಿವೇತನವೊಂದನ್ನು ಅವಳು ಹುಡುಕಿ ಬರೆದಿದ್ದಾಳೆ.

ಆಟದಿಂದ ಏನು ಪ್ರಯೋಜನ ಎಂದು ಕೇಳುವ ಹಿರಿಯರಿಗೆ ನಾನು ಉತ್ತರ ಕೊಡಲು ಹೊರಟಿಲ್ಲ. ಪರೀಕ್ಷೆಯ ಹಿಂದಿನ ವಾರ ಯಾರೂ ಅದನ್ನು ಮುಟ್ಟಬಾರದೆಂದು ನಾವು ನಾಲ್ವರೂ ಮಾಡಿಕೊಂಡಿರುವ ಒಪ್ಪಂದವೇ ಅದರ ಸೆಳೆತಕ್ಕೆ ಸಾಕ್ಷಿ. ಆದರೂ ದುಡಿಮೆಗೆ ತಕ್ಕ ಫಲ ಸಿಗುವ, ನೆಟ್ಟ ದೀಪ ಆರದ ಒಂದು ಲೋಕವನ್ನು ಒಂದಿಷ್ಟು ಹೊತ್ತು ನೋಡಿ ಬಂದವನಿಗೆ ಈ ಲೋಕದಲ್ಲಿ ಎಲ್ಲೆಲ್ಲಿ ಬೆಳಕು ಸೊನ್ನೆಯಾಗಿದೆ ಎಂಬುದು ಸ್ವಲ್ಪ ಬೇಗ ಕಣ್ಣಿಗೆ ಬೀಳುತ್ತದೆಂದು ನನ್ನ ನಂಬಿಕೆ. ಇನ್ನು ಮೂರು ತಿಂಗಳಿಗೆ ನಾವು ಅಂತಿಮ ತರಗತಿಯವರು ಈ ಕಾಲೇಜನ್ನು ಬಿಟ್ಟು ಹೋಗುತ್ತೇವೆ. ಮುಂದಿನ ವರ್ಷ ಇಲ್ಲಿಗೆ ಬರುವ ಹಳ್ಳಿಯ ಹುಡುಗ ಹುಡುಗಿಯರಲ್ಲಿ ಮನೆಯಲ್ಲಿ ಕೇಳಲು ಯಾರೂ ಇಲ್ಲದವರು ಎಷ್ಟೋ ಮಂದಿ ಇರುತ್ತಾರೆ. ಅವರಿಗಾಗಿ ಆ ನೋಟ್‌ಬುಕ್ಕಿನ ಒಂದು ನಕಲನ್ನು ಮಾಡಿ ನಮ್ಮ ಗ್ರಂಥಾಲಯದಲ್ಲಿ ಇಡಲು ಗ್ರಂಥಪಾಲಕರ ಅಪ್ಪಣೆ ಪಡೆದಿದ್ದೇನೆ. ಒಳಗೆ ಹೋಗುವಾಗ ಬಲಗಡೆಯ ಎರಡನೆಯ ಕಪಾಟಿನಲ್ಲಿ ಅದು ಸಿಗುತ್ತದೆ.